ಹಳ್ಳಿಯ ಸಂಘ, ಹೊರದೇಶದ ದುಡ್ಡು: ನಡುವಿನ ದಾರಿ ಹೇಗಿದೆ?

2025ರ ಆಗಸ್ಟ್‌ನಲ್ಲಿ ಧಾರವಾಡ ಜಿಲ್ಲೆ ಕುಂದಗೋಳ ತಾಲ್ಲೂಕಿನ ತೀರ್ಥ ಎಂಬ ಹಳ್ಳಿ ಸುದ್ದಿಯಾಯಿತು. ಅಲ್ಲಿನ ಬೀಬಿ ಫಾತಿಮಾ ಮಹಿಳಾ ಸ್ವಸಹಾಯ ಸಂಘಕ್ಕೆ ವಿಶ್ವಸಂಸ್ಥೆಯ ಅಭಿವೃದ್ಧಿ ಕಾರ್ಯಕ್ರಮ, ಅಂದರೆ ಯುಎನ್‌ಡಿಪಿ, ಕೊಡುವ ಈಕ್ವೇಟರ್ ಪ್ರಶಸ್ತಿ ಬಂದಿತ್ತು. ಆ ವರ್ಷ ಇಡೀ ಜಗತ್ತಿನಲ್ಲಿ ಹತ್ತು ಗುಂಪುಗಳಿಗೆ ಮಾತ್ರ ಸಿಕ್ಕ ಗೌರವವದು. 2018ರಲ್ಲಿ 15 ಮಹಿಳೆಯರು ಸೇರಿ ಶುರು ಮಾಡಿದ ಸಂಘ, ಸಿರಿಧಾನ್ಯದ ದೇಸಿ ತಳಿಗಳ ಬೀಜ ಬ್ಯಾಂಕ್ ಕಟ್ಟಿತು, ಆಮೇಲೆ ಕಾಳು ಹಸನು ಮಾಡುವ ಘಟಕವನ್ನೂ ನಡೆಸಿತು. ಬೆನ್ನಿಗೆ ನಿಂತವರು ದೇಸಿ ತಳಿಗಳನ್ನು ಉಳಿಸುವ ಸಹಜ ಸಮೃದ್ಧ ಸಂಸ್ಥೆ, ಹೈದರಾಬಾದಿನ ಸಿರಿಧಾನ್ಯ ಸಂಶೋಧನಾ ಸಂಸ್ಥೆ, ಸೆಲ್ಕೋ ಫೌಂಡೇಶನ್ ಮತ್ತು ಸ್ವಿಟ್ಜರ್‌ಲೆಂಡಿನ ನೆರವಿನಲ್ಲಿ ನಡೆಯುವ ಒಂದು ಬೆಳೆ ಯೋಜನೆ.

ಪ್ರಶಸ್ತಿಯ ಮೊತ್ತ 10,000 ಡಾಲರ್, ಆಗಿನ ದರದಲ್ಲಿ ಸುಮಾರು 8.7 ಲಕ್ಷ ರೂಪಾಯಿ. ರಿಸರ್ವ್ ಬ್ಯಾಂಕಿನ ನಿಯಮದ ಪ್ರಕಾರ, ಲೆಕ್ಕಪತ್ರ ಸರಿ ಇಟ್ಟುಕೊಂಡ ಯಾವುದೇ ಸ್ವಸಹಾಯ ಸಂಘಕ್ಕೆ ಪಕ್ಕದ ಬ್ಯಾಂಕು 10 ಲಕ್ಷದವರೆಗೆ ಅಡಮಾನ ಕೇಳದೆ ಸಾಲ ಕೊಡಬಹುದು. ಅಂದರೆ ಜಗತ್ತಿನ ದೊಡ್ಡ ಪ್ರಶಸ್ತಿಯ ಹಣಕ್ಕಿಂತ ಊರ ಬ್ಯಾಂಕಿನ ಸಾಲದ ಮಿತಿಯೇ ಹೆಚ್ಚು. ಹಾಗಾದರೆ ಹೊರದೇಶದ ನಂಟಿನಿಂದ ಸಂಘಕ್ಕೆ ನಿಜವಾಗಿ ಸಿಗುವುದೇನು? ಅದು ದುಡ್ಡು ಯಾವ ದಾರಿಯಲ್ಲಿ ಬಂತು, ಯಾರ ಖಾತೆಯಲ್ಲಿ ಕೂತಿತು, ಅದರಿಂದ ಕೊಂಡದ್ದು ಯಾರ ಹೆಸರಿನಲ್ಲಿದೆ ಎಂಬುದರ ಮೇಲೆ ನಿಂತಿದೆ. ಪ್ರಶಸ್ತಿಯ ಫೋಟೋದಲ್ಲಿ ಇದ್ಯಾವುದೂ ಕಾಣುವುದಿಲ್ಲ.

ಎಲ್ಲ ವಿದೇಶಿ ಹಣವೂ ‘ವಿದೇಶಿ ದೇಣಿಗೆ’ ಅಲ್ಲ

ಹೊರದೇಶದಿಂದ ಬರುವ ದೇಣಿಗೆಯನ್ನು ನಿಯಂತ್ರಿಸುವುದು 2010ರ ವಿದೇಶಿ ದೇಣಿಗೆ ನಿಯಂತ್ರಣ ಕಾಯ್ದೆ, ಎಲ್ಲರ ಬಾಯಲ್ಲಿ ಎಫ್‌ಸಿಆರ್‌ಎ. ಕಾಯ್ದೆ ನೋಡುವುದು ಕೊಟ್ಟವರು ಯಾರು ಎಂಬುದನ್ನು. ಹಣ ಯಾವ ನಾಣ್ಯದಲ್ಲಿ ಬಂತು ಎಂಬುದು ಅದಕ್ಕೆ ಮುಖ್ಯವಲ್ಲ. ಇಲ್ಲೇ ಹೆಚ್ಚಿನವರು ಎಡವುವುದು.

ಊರಿನ ಹುಡುಗನೊಬ್ಬ ನ್ಯೂಜೆರ್ಸಿಯಲ್ಲಿದ್ದಾನೆ ಎಂದಿಟ್ಟುಕೊಳ್ಳಿ. ಕೈಯಲ್ಲಿ ಇನ್ನೂ ಭಾರತದ ಪಾಸ್‌ಪೋರ್ಟ್ ಇದೆ. ಬ್ಯಾಂಕಿನ ಮೂಲಕ ಡಾಲರ್ ಕಳಿಸಿದರೂ ಅದು ವಿದೇಶಿ ದೇಣಿಗೆಯಲ್ಲ. ಅವನ ಅಕ್ಕ ಅಮೆರಿಕದ ಪೌರತ್ವ ಪಡೆದಿದ್ದಾಳೆ, ಭಾರತ ಮೂಲದ ವಿದೇಶಿ ಪೌರರಿಗೆ ಕೊಡುವ ಒಸಿಐ ಕಾರ್ಡ್ ಇದೆ. ಆಕೆ ಜಾತ್ರೆಗೆಂದು ಊರಿಗೆ ಬಂದಾಗ ಸಂಘದ ಕಟ್ಟಡಕ್ಕೆ ರೂಪಾಯಿಯಲ್ಲೇ ಹತ್ತು ಸಾವಿರ ಕೊಟ್ಟರೂ ಅದು ವಿದೇಶಿ ದೇಣಿಗೆ. ‘ನಮ್ಮ ಮನೆ ಮಗಳು, ಅವಳ ದುಡ್ಡು ಎಲ್ಲಿಯ ವಿದೇಶಿ’ ಎನ್ನುವುದು ಹಳ್ಳಿಯ ನ್ಯಾಯ. ಗೃಹ ಸಚಿವಾಲಯ ನೋಡುವುದು ಪಾಸ್‌ಪೋರ್ಟನ್ನು. ವಿದೇಶದಲ್ಲಿರುವ ಕನ್ನಡಿಗರು ಊರಿನ ಸಂಘಕ್ಕೆ ಏನಾದರೂ ಮಾಡಬೇಕೆಂದು ಹೊರಟರೆ ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆ ಇದು.

ಇನ್ನೊಂದು ಕಡೆ, ವಿಶ್ವಸಂಸ್ಥೆ ಮತ್ತು ಅದರ ಅಂಗಸಂಸ್ಥೆಗಳು, ವಿಶ್ವಬ್ಯಾಂಕ್, ಐಎಂಎಫ್ ಈ ಕಾಯ್ದೆಯ ‘ವಿದೇಶಿ ಮೂಲ’ದ ವ್ಯಾಖ್ಯೆಯಿಂದ ಹೊರಗಿವೆ. ಯುಎನ್‌ಡಿಪಿ, ಯುನೆಸ್ಕೊ, ಯುನಿಸೆಫ್ ಎಲ್ಲವೂ ಈ ಪಟ್ಟಿಯವು. ಹಾಗಾಗಿ ನ್ಯೂಯಾರ್ಕಿನಿಂದ ಬಂದ ಈಕ್ವೇಟರ್ ಪ್ರಶಸ್ತಿಯ ಹಣಕ್ಕೆ ಈ ಕಾಯ್ದೆಯ ತೊಡಕಿಲ್ಲ. ಜರ್ಮನಿಯ ಯಾವುದೋ ಚರ್ಚಿನ ದತ್ತಿ ಅದರ ಹತ್ತನೇ ಒಂದು ಭಾಗ ಕೊಟ್ಟರೂ ತೊಡಕಿದೆ.

ಮೂರನೆಯದು ವ್ಯಾಪಾರ. ಸರಕು ಮಾರಿ, ಕೆಲಸ ಮಾಡಿಕೊಟ್ಟು ಪಡೆದ ಹಣ ದೇಣಿಗೆಯಾಗುವುದಿಲ್ಲ. ಸಂಡೂರಿನ ಲಂಬಾಣಿ ಕಸೂತಿಗೆ 2010ರಲ್ಲಿ ಭೌಗೋಳಿಕ ಸೂಚಕದ ಮಾನ್ಯತೆ ಬಂದಿದೆ. ಆ ಕಸೂತಿಯ ಚೀಲವೊಂದನ್ನು ಪ್ಯಾರಿಸ್ಸಿನ ಅಂಗಡಿ ಕೊಂಡರೆ ಬರುವುದು ರಫ್ತಿನ ಹಣ. ಬೇಕಾಗುವುದು ಕೇಂದ್ರದ ವಿದೇಶಿ ವ್ಯಾಪಾರ ಮಹಾನಿರ್ದೇಶನಾಲಯ (ಡಿಜಿಎಫ್‌ಟಿ) ಕೊಡುವ ಆಮದು–ರಫ್ತು ಸಂಕೇತ ಸಂಖ್ಯೆ, ಬ್ಯಾಂಕಿಗೆ ತೋರಿಸಲು ಇನ್‌ವಾಯ್ಸ್, ಜಿಎಸ್‌ಟಿಯಲ್ಲಿ ತೆರಿಗೆ ಕಟ್ಟದೆ ರಫ್ತು ಮಾಡಲು ಕೊಡುವ ಮುಚ್ಚಳಿಕೆ. ಸಂಘಗಳಿಗೆ ಇದು ಬಹಳ ಗೌರವದ ದಾರಿ, ಅಷ್ಟೇ ಕಷ್ಟದ ದಾರಿಯೂ ಹೌದು. ಕೊಳ್ಳುವವರು ಇನ್ನೂರು ಚೀಲ ಕೇಳಿ, ಇನ್ನೂರಕ್ಕೂ ಒಂದೇ ಅಳತೆ, ಒಂದೇ ಬಣ್ಣ ಬೇಕೆನ್ನುತ್ತಾರೆ. ಕೈಕಸೂತಿ ಹಾಗೆ ಬರುವುದಿಲ್ಲ. ನೂಲಿನ ಬಣ್ಣ ಒಂದು ಕಂತಿನಿಂದ ಇನ್ನೊಂದಕ್ಕೆ ಬದಲಾದರೂ ಸರಕು ವಾಪಸ್. ಎಷ್ಟು ವ್ಯತ್ಯಾಸವನ್ನು ಒಪ್ಪುತ್ತೀರಿ ಎಂದು ಮಾದರಿ ತುಂಡಿನ ಸಮೇತ ಬರೆಸಿಕೊಳ್ಳದೆ, ಅರ್ಧ ಹಣ ಮುಂಗಡ ಪಡೆಯದೆ ನೂಲು ಕೊಳ್ಳಬಾರದು.

ಸಂಘಕ್ಕೆ ನೇರವಾಗಿ ಏಕೆ ಬರುವುದಿಲ್ಲ

ಹತ್ತರಿಂದ ಇಪ್ಪತ್ತು ಸದಸ್ಯೆಯರ ಸ್ವಸಹಾಯ ಸಂಘ ಸಾಮಾನ್ಯವಾಗಿ ಎಲ್ಲೂ ನೋಂದಣಿಯಾಗಿರುವುದಿಲ್ಲ. ಇಪ್ಪತ್ತರ ಮಿತಿ ಬಂದದ್ದೇ ಹಳೆಯ ಕಂಪನಿ ಕಾಯ್ದೆಯಿಂದ: ಇಪ್ಪತ್ತಕ್ಕಿಂತ ಹೆಚ್ಚು ಜನ ಸೇರಿ ಲಾಭದ ವ್ಯವಹಾರ ಮಾಡಿದರೆ ನೋಂದಣಿ ಕಡ್ಡಾಯವಿತ್ತು. ನೋಂದಣಿ ಇಲ್ಲದ್ದರಿಂದಲೇ ಸಂಘ ಹಗುರ. ವರ್ಷಕ್ಕೊಮ್ಮೆ ರಿಟರ್ನ್ಸ್ ಸಲ್ಲಿಸುವ ತಲೆನೋವಿಲ್ಲ, ಠರಾವು ಬರೆದು ಬ್ಯಾಂಕ್ ಖಾತೆ ತೆರೆದರೆ ಸಾಕು. ಆದರೆ ಆ ಹಗುರತನವೇ ವಿದೇಶಿ ದೇಣಿಗೆಗೆ ಅಡ್ಡ.

ಎಫ್‌ಸಿಆರ್‌ಎ ನೋಂದಣಿ ಬೇಕಾದರೆ ಸಂಸ್ಥೆಗೆ ಕನಿಷ್ಠ ಮೂರು ವರ್ಷ ಆಗಿರಬೇಕು, ಆ ಮೂರು ವರ್ಷಗಳಲ್ಲಿ ಮೂಲ ಉದ್ದೇಶದ ಕೆಲಸಕ್ಕೆ 15 ಲಕ್ಷ ರೂಪಾಯಿ ಖರ್ಚು ಮಾಡಿರಬೇಕು. ಪದಾಧಿಕಾರಿಗಳೆಲ್ಲರ ಆಧಾರ್, ನೀತಿ ಆಯೋಗದ ದರ್ಪಣ್ ಜಾಲತಾಣದಲ್ಲಿ ಪಡೆದ ಸಂಖ್ಯೆ, ಲೆಕ್ಕಪರಿಶೋಧಕರ ವರದಿ ಬೇಕು. ವಿದೇಶಿ ಹಣ ಮೊದಲು ಬಂದಿಳಿಯಬೇಕಾದದ್ದು ದೆಹಲಿಯ ಸಂಸದ್ ಮಾರ್ಗದಲ್ಲಿರುವ ಸ್ಟೇಟ್ ಬ್ಯಾಂಕಿನ ಮುಖ್ಯ ಶಾಖೆಯ ಖಾತೆಗೆ ಮಾತ್ರ. ಖಾತೆ ತೆರೆಯಲು ದೆಹಲಿಗೆ ಹೋಗಬೇಕಿಲ್ಲ, ಹತ್ತಿರದ ಶಾಖೆಯ ಮೂಲಕವೇ ಆಗುತ್ತದೆ. ಅಲ್ಲಿಂದ ಊರಿನ ಖಾತೆಗೆ ವರ್ಗಾಯಿಸಿಕೊಳ್ಳಬಹುದು. ನೋಂದಣಿಯ ಆಯುಸ್ಸು ಐದು ವರ್ಷ. ನವೀಕರಣದ ಅರ್ಜಿಯನ್ನು ಅವಧಿ ಮುಗಿಯುವ ನಾಲ್ಕು ತಿಂಗಳ ಮುಂಚೆಯೇ ಹಾಕಿ ಎಂದು ಸಚಿವಾಲಯ 2025ರಲ್ಲಿ ಹೇಳಿದೆ. ವಾರ್ಷಿಕ ಲೆಕ್ಕ, ಎಫ್‌ಸಿ–4 ನಮೂನೆಯಲ್ಲಿ, ಡಿಸೆಂಬರ್ 31ರೊಳಗೆ. ಒಂದು ಪೈಸೆ ಬರದಿದ್ದರೂ ಸೊನ್ನೆ ಎಂದು ತುಂಬಿ ಸಲ್ಲಿಸಬೇಕು. ‘ಈ ವರ್ಷ ಏನೂ ಬಂದಿಲ್ಲವಲ್ಲ’ ಎಂದು ಸುಮ್ಮನಿದ್ದು ನೋಂದಣಿಗೇ ಕುತ್ತು ತಂದುಕೊಳ್ಳುವುದು ಸಣ್ಣ ಸಂಸ್ಥೆಗಳ ಮಾಮೂಲು ತಪ್ಪು. ಮೂರು ವರ್ಷದ ಷರತ್ತು ಪೂರೈಸದವರಿಗೆ ‘ಪೂರ್ವಾನುಮತಿ’ಯ ದಾರಿಯಿದೆ: ಇಂಥ ದಾನಿಯಿಂದ, ಇಂಥ ಕೆಲಸಕ್ಕೆ, ಇಷ್ಟೇ ಹಣ ಎಂದು ಒಂದು ಸಲಕ್ಕೆ ಪಡೆಯುವ ಅನುಮತಿ.

2020ರ ತಿದ್ದುಪಡಿಯೇ ಸಂಘಗಳಿಗೆ ಹೆಚ್ಚು ತಟ್ಟಿದ್ದು. ಅದಕ್ಕೂ ಮುಂಚೆ ದೊಡ್ಡ ಸಂಸ್ಥೆಯೊಂದು ವಿದೇಶಿ ಹಣ ಪಡೆದು, ನೋಂದಣಿಯಿದ್ದ ಸಣ್ಣ ಸಂಸ್ಥೆಗಳಿಗೆ ಹಂಚಬಹುದಿತ್ತು. ಆ ವರ್ಷ ಸೆಪ್ಟೆಂಬರ್ 29ರಿಂದ ಅದು ಪೂರ್ತಿ ನಿಂತಿತು. ಪಡೆದವರೇ ಖರ್ಚು ಮಾಡಬೇಕು. ಜೊತೆಗೆ ಆಡಳಿತ ವೆಚ್ಚದ ಮಿತಿ ಶೇ 50ರಿಂದ ಶೇ 20ಕ್ಕೆ ಇಳಿಯಿತು. ಪೋಲು ತಪ್ಪಿಸುವ ಉದ್ದೇಶ ಅರ್ಥವಾಗುವಂಥದ್ದೇ. ಆದರೆ ದಾನಿ ಬಯಸುವ ತೆಳುವಾದ ಆಡಳಿತ ಮತ್ತು ಹಳ್ಳಿಯ ಲೆಕ್ಕವನ್ನು ಹದ್ದುಬಸ್ತಿನಲ್ಲಿ ಇಡಲು ಬೇಕಾದ ಜನ, ಇವೆರಡೂ ಒಂದೇ ಶೇ 20ರಲ್ಲಿ ಹಿಡಿಯುವುದು ಕಷ್ಟ.

ಗ್ರಾಮ ಪಂಚಾಯಿತಿಯ ವಿಷಯ ಬಹಳ ಜನರಿಗೆ ಗೊತ್ತಿರುವುದಿಲ್ಲ. ಶಾಸನಸಭೆಯ ಸದಸ್ಯರು ವಿದೇಶಿ ದೇಣಿಗೆ ಪಡೆಯುವಂತಿಲ್ಲ ಎನ್ನುತ್ತದೆ ಕಾಯ್ದೆ. ಅದರ ವ್ಯಾಖ್ಯೆಯಲ್ಲಿ ‘ಶಾಸನಸಭೆ’ ಎಂದರೆ ಪಂಚಾಯಿತಿ, ಪುರಸಭೆಗಳೂ ಸೇರಿವೆ. ಸಂಘದ ಚುರುಕಾದ ಅಧ್ಯಕ್ಷೆಯೇ ಪಂಚಾಯಿತಿಗೂ ಆರಿಸಿ ಬರುವುದು ನಮ್ಮಲ್ಲಿ ಸಾಮಾನ್ಯ. ಅಂಥವರು ವೈಯಕ್ತಿಕವಾಗಿ ವಿದೇಶಿ ದೇಣಿಗೆ ಮುಟ್ಟುವ ಹಾಗಿಲ್ಲ.

ಕೊಟ್ಟಿಗೆಯಲ್ಲಿ ನಿಂತ ಯಂತ್ರ ಯಾರದ್ದು?

ನೇರ ಹಣ ಬರುವುದಿಲ್ಲವಾದ್ದರಿಂದ ವಿದೇಶಿ ನೆರವು ಹಳ್ಳಿಗೆ ಬರುವುದು ವಸ್ತು ಮತ್ತು ತರಬೇತಿಯ ರೂಪದಲ್ಲಿ. ಯಂತ್ರ ಬರುತ್ತದೆ, ಸೌರಫಲಕ ಬರುತ್ತದೆ, ರಿಬ್ಬನ್ ಕತ್ತರಿಸುತ್ತಾರೆ. ವಿದೇಶಿ ದೇಣಿಗೆಯಿಂದ ಕೊಂಡ ಆಸ್ತಿ ನೋಂದಾಯಿತ ಸಂಸ್ಥೆಯ ಹೆಸರಿನಲ್ಲೇ ಇರಬೇಕು. ಸಂಘದ ಕೊಟ್ಟಿಗೆಯಲ್ಲಿ ಓಡುವ ಯಂತ್ರ ಬೆಂಗಳೂರಿನ ಯಾವುದೋ ಸಂಸ್ಥೆಯ ಆಸ್ತಿ ಪುಸ್ತಕದಲ್ಲಿರುತ್ತದೆ. ಆ ಸಂಸ್ಥೆಯ ನೋಂದಣಿ ರದ್ದಾದರೆ, ವಿದೇಶಿ ಹಣದಿಂದಾದ ಆಸ್ತಿ ಸರ್ಕಾರ ಗೊತ್ತುಪಡಿಸಿದ ಪ್ರಾಧಿಕಾರದ ಸುಪರ್ದಿಗೆ ಹೋಗುತ್ತದೆ. ಯಂತ್ರ ದೇಣಿಗೆಯದ್ದೋ, ಬ್ಯಾಂಕ್ ಸಾಲದ್ದೋ, ಸರ್ಕಾರದ ಸಬ್ಸಿಡಿಯದ್ದೋ ಎಂದು ಸಂಘಕ್ಕೆ ಗೊತ್ತಿರಲೇಬೇಕಾದದ್ದು ಇದಕ್ಕೇ.

ಸಿರಿಧಾನ್ಯದ ಘಟಕವನ್ನೇ ಹತ್ತಿರದಿಂದ ನೋಡಿದರೆ ಯಾವುದು ಎಲ್ಲಿ ಕೆಡುತ್ತದೆ ಎಂಬುದು ಸ್ಪಷ್ಟ. ರಾಗಿ, ಜೋಳಕ್ಕೆ ಸಿಪ್ಪೆಯ ಕಾಟವಿಲ್ಲ, ನೇರ ಬೀಸಬಹುದು. ಸಾಮೆ, ನವಣೆ, ಹಾರಕ, ಊದಲು, ಬರಗು, ಕೊರಲೆ ಹಾಗಲ್ಲ. ಗಟ್ಟಿ ಹೊಟ್ಟು ತೆಗೆಯದೆ ಒಳಗಿನ ತಿನ್ನುವ ಕಾಳು, ಅಂದರೆ ಸಿರಿಧಾನ್ಯದ ಅಕ್ಕಿ, ಸಿಗದು. ಈ ಕೆಲಸ ಹಿಂದೆ ಪೂರ್ತಿ ಹೆಂಗಸರ ರಟ್ಟೆಯ ಮೇಲೆ ಬೀಳುತ್ತಿತ್ತು. ಸಾಮೆ ಬಿತ್ತುವುದನ್ನು ಬಿಟ್ಟ ಮನೆಗಳಲ್ಲಿ ಮಳೆಗಿಂತ ದೊಡ್ಡ ಕಾರಣ ಆ ಒರಳು ಮತ್ತು ಒನಕೆ.

ಯಂತ್ರದಲ್ಲಿ ಕಾಳು ಮೊದಲು ಜರಡಿಗೆ ಹೋಗುತ್ತದೆ, ಆಮೇಲೆ ಕಲ್ಲು ಬೇರ್ಪಡಿಸುವ ಡಿಸ್ಟೋನರ್‌ಗೆ, ಅಲ್ಲಿಂದ ಹೊಟ್ಟು ಬಿಡಿಸುವ ಡೀಹಲ್ಲರ್‌ಗೆ. ಗಾಳಿಯಲ್ಲಿ ಹೊಟ್ಟು ಹಾರಿ, ಕೊನೆಗೆ ಮತ್ತೊಂದು ಜರಡಿ. ಡೀಹಲ್ಲರ್ ಒಳಗೆ ವೇಗವಾಗಿ ತಿರುಗುವ ಚಕ್ರ ಕಾಳನ್ನು ಗೋಡೆಗೆ ಎಸೆಯುತ್ತದೆ, ಹೊಡೆತಕ್ಕೆ ಹೊಟ್ಟು ಬಿರಿಯುತ್ತದೆ. ವೇಗ ಹೆಚ್ಚಾದರೆ ಅಕ್ಕಿಯೇ ನುಚ್ಚಾಗುತ್ತದೆ, ಕಡಿಮೆಯಾದರೆ ಅರ್ಧ ಕಾಳು ಹೊಟ್ಟಿನ ಸಮೇತ ಹೊರಬರುತ್ತದೆ. ಕಾಳಿನ ತೇವಾಂಶ ಶೇ 10ರಿಂದ 12ರ ಒಳಗಿರಬೇಕು. ಮಳೆಗಾಲದಲ್ಲಿ ತಂದ ಕಾಳನ್ನು ಒಣಗಿಸದೆ ಹಾಕಿದರೆ ಹೊಟ್ಟು ಬಿಡುವುದಿಲ್ಲ, ಜರಡಿಯ ತೂತು ಮೆತ್ತಿಕೊಳ್ಳುತ್ತದೆ. ಸಾಮೆಯ ಜರಡಿಯಲ್ಲಿ ಹಾರಕ ಹಾಕಿದರೆ ಅದೂ ಕೆಡುತ್ತದೆ, ಒಂದೊಂದು ಕಾಳಿಗೂ ಬೇರೆ ಜರಡಿ ಬೇಕು. ಯಂತ್ರ ಕೊಡಿಸುವ ಯೋಜನೆಯಲ್ಲಿ ಹೆಚ್ಚುವರಿ ಜರಡಿಗಳಿಗೆ ಹಣ ಇಡದೆ ಹೋಗುವುದು ಸಣ್ಣ ಮರೆವು. ಒಂದೇ ಹಂಗಾಮಿನಲ್ಲಿ ಘಟಕಕ್ಕೆ ಬೀಗ ಬೀಳಲು ಅಷ್ಟು ಸಾಕು. ಎಲ್ಲ ಸರಿಯಾಗಿ ನಡೆದರೆ ಒಂದು ಕ್ವಿಂಟಲ್ ಸಾಮೆಗೆ 60ರಿಂದ 65 ಕಿಲೋ ಅಕ್ಕಿ.

ಕರೆಂಟು ಇನ್ನೊಂದು ಸಮಸ್ಯೆ. ತ್ರೀ ಫೇಸ್ ವಿದ್ಯುತ್ ಹಳ್ಳಿಗೆ ಬರುವುದು ದಿನಕ್ಕೆ ಕೆಲವೇ ಗಂಟೆ, ಅದೂ ಕೆಲವೊಮ್ಮೆ ನಡುರಾತ್ರಿ. ಮನೆ, ಮಕ್ಕಳು ನೋಡಿಕೊಳ್ಳುವ ಹೆಂಗಸು ರಾತ್ರಿ ಎರಡಕ್ಕೆ ಎದ್ದು ಯಂತ್ರ ನಡೆಸಲಾಗದು. ಸೌರಶಕ್ತಿಯ ಘಟಕಕ್ಕೆ ಪರಿಸರಕ್ಕಿಂತ ಮೊದಲು ಕೊಡಬೇಕಾದ ಕಾರಣ ಇದು: ಹಗಲು ಹನ್ನೊಂದಕ್ಕೆ ಕೆಲಸ ಮಾಡಬಹುದು.

ಹೊಟ್ಟು ತೆಗೆದ ಅಕ್ಕಿಯ ತೌಡಿನಲ್ಲಿ ಎಣ್ಣೆಯಂಶವಿರುವುದರಿಂದ ಎರಡು ಮೂರು ತಿಂಗಳಿಗೆ ಕಮಟು ವಾಸನೆ ಬರುತ್ತದೆ. ಮಾರಾಟದ ಆರ್ಡರ್ ಕೈಗೆ ಬಂದ ಮೇಲೆ ಹೊಟ್ಟು ತೆಗೆಯಬೇಕೇ ಹೊರತು, ಯಂತ್ರ ಇದೆಯೆಂದು ಇಡೀ ರಾಶಿ ಅಕ್ಕಿ ಮಾಡಿಡಬಾರದು. ಹೊಟ್ಟಿನೊಳಗಿದ್ದರೆ ಕಾಳು ವರ್ಷಗಟ್ಟಲೆ ಕೆಡದು.

ಬೀಜಕ್ಕೆ ಬಡ್ಡಿ ಬೀಜವೇ

ಬೀಜ ಬ್ಯಾಂಕಿನ ಲೆಕ್ಕ ಸರಳ. ಒಂದು ಕಿಲೋ ಒಯ್ದವರು ಬೆಳೆ ಬಂದ ಮೇಲೆ ಎರಡು ಕಿಲೋ ತಂದುಕೊಡುವುದು ಬಹುತೇಕ ಕಡೆ ರೂಢಿ. ನವಣೆಯಂಥ ಸಣ್ಣ ಕಾಳು ಕೂರಿಗೆಯಲ್ಲಿ ಎಕರೆಗೆ ಮೂರು ನಾಲ್ಕು ಕಿಲೋ ಸಾಕು, ಹಾಗಾಗಿ ಐವತ್ತು ಕಿಲೋದ ಒಂದು ಚೀಲ ಹನ್ನೆರಡು ಎಕರೆಗೂ ಮಿಕ್ಕಿ ಬರುತ್ತದೆ. ಹೊರಗಿನ ಬಂಡವಾಳ ಕಡಿಮೆ ಬೇಕಾದ, ಆದರೆ ಶಿಸ್ತು ಹೆಚ್ಚು ಬೇಕಾದ ಕೆಲಸವಿದು.

ವಾಪಸ್ ಬರುವ ಬೀಜ ಕಲಬೆರಕೆಯಾಗಿರುವುದು ಮೊದಲ ತೊಂದರೆ. ಚೆನ್ನಾಗಿದ್ದದ್ದು ಮಾರುಕಟ್ಟೆಗೆ ಹೋಗಿ, ಕಣದ ಮೂಲೆಯಲ್ಲಿ ಉಳಿದದ್ದು ಬ್ಯಾಂಕಿಗೆ ಬರುತ್ತದೆ. ಇದಕ್ಕೆ ಮದ್ದು ಕೊಯ್ಲಿಗೆ ಮುಂಚೆ ಹೊಲಕ್ಕೇ ಹೋಗಿ, ಬೀಜಕ್ಕೆಂದು ಒಂದು ಭಾಗ ಗುರುತಿಸಿ, ಒಳ್ಳೆಯ ತೆನೆ ಆರಿಸಿಕೊಳ್ಳುವುದು. ಬಂದ ಬೀಜದಿಂದ ನೂರು ಕಾಳು ಎಣಿಸಿ ಒದ್ದೆ ಬಟ್ಟೆಯಲ್ಲಿ ಸುತ್ತಿಟ್ಟು, ಒಂದು ವಾರದಲ್ಲಿ ಎಷ್ಟು ಮೊಳೆತವು ನೋಡಬೇಕು. ಎಪ್ಪತ್ತೈದಕ್ಕಿಂತ ಕಡಿಮೆಯಾದರೆ ಅದು ಬೀಜವಲ್ಲ, ಅಡುಗೆಮನೆಯ ಕಾಳು. ಪುಸ್ತಕದಲ್ಲಿ ರೈತರ ಹೆಸರು, ತಳಿ, ಒಯ್ದ ತೂಕ, ಬಿತ್ತಿದ ಹೊಲ, ತಂದ ತೂಕ, ಮೊಳಕೆಯ ಎಣಿಕೆ, ಈ ಆರು ಕಲಮು ಸಾಕು. ಬರಗಾಲದಲ್ಲಿ ಒಂದು ಊರಿನ ಬೀಜವೆಲ್ಲ ಹೋಗಬಹುದಾದ್ದರಿಂದ ಪ್ರತಿ ತಳಿಯ ಒಂದು ಪಾಲು ಪಕ್ಕದೂರಿನ ಸಂಘದಲ್ಲೂ ಇರಬೇಕು.

ವಿದೇಶಿ ಪಾಲುದಾರರ ಜೊತೆಗಿನ ಘರ್ಷಣೆ ಕಾಣಿಸುವುದು ಪಂಚಾಂಗದಲ್ಲಿ. ಅವರ ಲೆಕ್ಕದ ವರ್ಷ ಜನವರಿಯಿಂದ, ನಮ್ಮ ಸರ್ಕಾರದ್ದು ಏಪ್ರಿಲ್‌ನಿಂದ, ಮುಂಗಾರು ಬಿತ್ತನೆ ಜೂನ್‌ನಲ್ಲಿ. ಒಪ್ಪಂದಕ್ಕೆ ಸಹಿಯಾಗಿ ಮೊದಲ ಕಂತು ಜುಲೈಗೆ ಬಂದರೆ ಆ ವರ್ಷದ ಬಿತ್ತನೆ ಮುಗಿದೇಹೋಗಿರುತ್ತದೆ, ಹಣ ಮಾತ್ರ ಡಿಸೆಂಬರ್‌ಗೆ ಖರ್ಚಾಗಬೇಕು. ಆಗಲೇ ಬೇಡದ ಕಾರ್ಯಾಗಾರಗಳು, ಬ್ಯಾನರ್‌ಗಳು ಹುಟ್ಟಿಕೊಳ್ಳುವುದು. ಮೊದಲ ಕಂತು ಮಾರ್ಚ್ ಒಳಗೆ ಬರಬೇಕು ಎಂದು ಒಪ್ಪಂದದಲ್ಲೇ ಬರೆಸುವುದು ಇದಕ್ಕೆ ಪರಿಹಾರ.

ಹಿಂದಿನ ಅನುಭವ

ಕರ್ನಾಟಕಕ್ಕೆ ಇದೆಲ್ಲ ಹೊಸತಲ್ಲ. ಟಿಬೆಟಿನ ನಿರಾಶ್ರಿತರ ಪುನರ್ವಸತಿಗೆಂದು 1968ರಲ್ಲಿ ಹುಟ್ಟಿದ ಮೈರಾಡ ಸಂಸ್ಥೆ 1980ರ ದಶಕದಲ್ಲಿ ಕೋಲಾರ ಸೀಮೆಯಲ್ಲಿ ಸಹಕಾರ ಸಂಘಗಳನ್ನು ಕಟ್ಟಿತು. ಅವು ದೊಡ್ಡವಾಗಿದ್ದವು, ಕೆಲವರ ಕೈಗೆ ಸಿಕ್ಕು ಮುರಿದುಬಿದ್ದವು. ಒಡೆದ ಸಂಘಗಳಿಂದ ಒಬ್ಬರನ್ನೊಬ್ಬರು ನಂಬುವ ಸಣ್ಣ ಗುಂಪುಗಳು ಹೊರಬಂದವು. ಪಡೆದ ಸಾಲವನ್ನು ಆ ದೊಡ್ಡ ಸಂಘಕ್ಕೆ ಕಟ್ಟುವುದಿಲ್ಲ, ನಿಮಗೇ ಕೊಡುತ್ತೇವೆ ಎಂದರು. ನಿಮ್ಮಲ್ಲೇ ಇಟ್ಟುಕೊಂಡು ನಡೆಸಿ ಎಂದಿತು ಮೈರಾಡ. 1987ರಲ್ಲಿ ನಬಾರ್ಡ್ ಹತ್ತು ಲಕ್ಷ ರೂಪಾಯಿ ಕೊಟ್ಟು ಈ ಪ್ರಯೋಗಕ್ಕೆ ಬೆಂಬಲವಾಯಿತು, 1992ರಲ್ಲಿ ಸಂಘ–ಬ್ಯಾಂಕ್ ಜೋಡಣೆಯ ಯೋಜನೆ ದೇಶಕ್ಕೇ ಬಂತು. ಹೊರಗಿನ ಬೆಂಬಲ ಮುಖ್ಯವಾಗಿತ್ತು, ನಿಜ. ಆದರೆ ಯಾರು ಯಾರ ಜೊತೆ ಕೂರಬೇಕು ಎಂಬುದನ್ನು ಸದಸ್ಯರೇ ನಿರ್ಧರಿಸಿದ್ದರು.

ಅದೇ ಕೋಲಾರ ಜಿಲ್ಲೆಯ ಬೂದಿಕೋಟೆಯಲ್ಲಿ ‘ನಮ್ಮ ಧ್ವನಿ’ ಎಂಬ ಸಮುದಾಯ ರೇಡಿಯೊ ಶುರುವಾಯಿತು, ಯುನೆಸ್ಕೊ ನೆರವಿನಲ್ಲಿ. ಸ್ವಯಂಸೇವಾ ಸಂಸ್ಥೆಗಳಿಗೆ ಸಮುದಾಯ ರೇಡಿಯೊದ ಪರವಾನಗಿ ಸಿಗುವಂತಾದದ್ದು 2006ರಲ್ಲಿ. ಅದಕ್ಕೂ ಮುಂಚೆ ಗಾಳಿಯಲ್ಲಿ ಪ್ರಸಾರ ಮಾಡುವಂತಿರಲಿಲ್ಲವಾದ್ದರಿಂದ, ಕೇಬಲ್ ಎಳೆದು ಮನೆಮನೆಗೆ ಕಾರ್ಯಕ್ರಮ ಮುಟ್ಟಿಸಿದರು.

ಹಳ್ಳಿಯ ಹೆಂಗಸರ ಶಿಕ್ಷಣ, ಸಬಲೀಕರಣಕ್ಕೆಂದು ಇದ್ದ ಸರ್ಕಾರಿ ಕಾರ್ಯಕ್ರಮ ಮಹಿಳಾ ಸಮಾಖ್ಯದ ಕಥೆ ಇನ್ನೊಂದು ಬಗೆ. ನೆದರ್‌ಲೆಂಡ್ಸ್ ಸರ್ಕಾರದ ಹಣದಲ್ಲಿ 1989ರಲ್ಲಿ ಬೀದರ್, ಬಿಜಾಪುರ, ಮೈಸೂರು ಜಿಲ್ಲೆಗಳಲ್ಲಿ ಆರಂಭವಾಯಿತು. ಸುಮಾರು ಹತ್ತು ಹಳ್ಳಿಗೊಬ್ಬಳು ಸಹಯೋಗಿನಿ, ಅಂದರೆ ಸಂಘಗಳ ಜೊತೆ ಕೆಲಸ ಮಾಡುವ ಕಾರ್ಯಕರ್ತೆ, ಇದ್ದಳು. ಅಲ್ಲಿ ಸಾಲಕ್ಕಿಂತ ಮಾತು ಮುಖ್ಯ: ಕೂಲಿ, ಬಾಲ್ಯವಿವಾಹ, ದೇವದಾಸಿ ಪದ್ಧತಿ, ಹೆಣ್ಣುಮಕ್ಕಳ ಶಾಲೆ. ಭಾರತ ಸರ್ಕಾರ 2003ರಲ್ಲಿ ಕೆಲವೇ ದೇಶಗಳ ದ್ವಿಪಕ್ಷೀಯ ನೆರವು ಸಾಕೆಂದು ತೀರ್ಮಾನಿಸಿತು, ನೆದರ್‌ಲೆಂಡ್ಸ್ ಆ ಪಟ್ಟಿಯಲ್ಲಿರಲಿಲ್ಲ. ಆ ನೆರವಿನ ದಾರಿ ಮುಚ್ಚಿದ್ದಕ್ಕೆ ಬೀದರಿನ ಸಂಘದ ಹೆಂಗಸರು ಯಾವ ತಪ್ಪನ್ನೂ ಮಾಡಿರಲಿಲ್ಲ.

ವಿಶ್ವಬ್ಯಾಂಕಿನ ಹಣದ ಬಗ್ಗೆಯೂ ಒಂದು ತಪ್ಪು ತಿಳಿವಳಿಕೆ ಇದೆ. 2011ರಿಂದ ರಾಷ್ಟ್ರೀಯ ಗ್ರಾಮೀಣ ಜೀವನೋಪಾಯ ಕಾರ್ಯಕ್ರಮಕ್ಕೆ ಬಂದದ್ದು ಸಾಲ; ತೀರಿಸುವುದು ಕೇಂದ್ರ ಸರ್ಕಾರ. ನಮ್ಮಲ್ಲಿ ಅದೇ ಕಾರ್ಯಕ್ರಮದ ಹೆಸರು ಸಂಜೀವಿನಿ. ಅದರಲ್ಲಿ ಸುತ್ತುನಿಧಿ, ಅಂದರೆ ಸದಸ್ಯೆಯರೊಳಗೇ ಸಾಲವಾಗಿ ತಿರುಗುವ ಹಣ, ಸಂಘದಲ್ಲೇ ಉಳಿಯುತ್ತದೆ, ಸಮುದಾಯ ಬಂಡವಾಳ ನಿಧಿ ಮಾತ್ರ ಪಂಚಾಯಿತಿ ಮಟ್ಟದ ಒಕ್ಕೂಟದಿಂದ ಸಾಲವಾಗಿ ಬರುತ್ತದೆ, ಒಕ್ಕೂಟಕ್ಕೇ ಮರಳಬೇಕು. ‘ವಿಶ್ವಬ್ಯಾಂಕಿನ ದುಡ್ಡು, ಯಾರೂ ಕೇಳುವುದಿಲ್ಲ’ ಎಂಬ ಗುಸುಗುಸು ಹಬ್ಬಿದ ಊರಲ್ಲಿ ಮುಳುಗುವುದು ಪಕ್ಕದ ಸಂಘಕ್ಕೆ ಸಿಗಬೇಕಾದ ಸಾಲದ ಸರದಿ.

ಬರೆಸಿಕೊಳ್ಳಬೇಕಾದದ್ದು

ಪಾಲುದಾರಿಕೆ ಒಪ್ಪುವ ಮುಂಚೆ ಒಪ್ಪಂದ ಕನ್ನಡದಲ್ಲಿರಬೇಕು, ಸಭೆಯಲ್ಲಿ ಗಟ್ಟಿಯಾಗಿ ಓದಿ ನಡಾವಳಿ ಪುಸ್ತಕದಲ್ಲಿ ನಮೂದಿಸಬೇಕು. ಯಂತ್ರದ ಮಾಲೀಕರು ಯಾರು, ಎಷ್ಟು ವರ್ಷ ಬಳಸಬಹುದು, ರಿಪೇರಿ ಖರ್ಚು ಯಾರದು, ಯೋಜನೆ ಮುಗಿದ ಮೇಲೆ ಏನಾಗುತ್ತದೆ, ತಳಿಗಳ ಮೇಲೆ ಹೊರಗಿನವರಿಗೆ ಯಾವ ಹಕ್ಕೂ ಇಲ್ಲವೆಂಬ ಮಾತು ಇದೆಯೇ, ಸದಸ್ಯೆಯರ ಫೋಟೋವನ್ನು ಕೇಳದೆ ಬಳಸಬಹುದೇ. ಸದಸ್ಯೆಯರ ವಾರದ ಉಳಿತಾಯದ ಖಾತೆಗೆ ಯೋಜನೆಯ ಒಂದು ರೂಪಾಯಿಯೂ ಬೆರೆಯಬಾರದು. ಒಮ್ಮೆ ಬೆರೆತರೆ ಯಾವುದು ಯಾರದ್ದೆಂದು ಬಿಡಿಸಲು ಲೆಕ್ಕಪರಿಶೋಧಕರಿಗೂ ಆಗದು, ಜಗಳ ಸಂಘವನ್ನೇ ಒಡೆಯುತ್ತದೆ.

ಯಂತ್ರ ಸವೆದ ಮೇಲೆ ಹೊಸದು ಕೊಳ್ಳಲು ಎತ್ತಿಡುವ ನಿಧಿಯ ಲೆಕ್ಕ ಉದಾಹರಣೆಯಾಗಿ ಹೀಗೆ. ಮೂರು ಲಕ್ಷದ ಯಂತ್ರ ಎಂಟು ವರ್ಷ ಬಾಳುತ್ತದೆ ಎಂದುಕೊಂಡರೆ ವರ್ಷಕ್ಕೆ 37,500 ರೂಪಾಯಿ ಎತ್ತಿಡಬೇಕು. ವರ್ಷಕ್ಕೆ 150 ಕ್ವಿಂಟಲ್ ಹಸನು ಮಾಡಿದರೆ ಕಿಲೋಗೆ ಎರಡೂವರೆ ರೂಪಾಯಿ ಬೀಳುತ್ತದೆ. 50 ಕ್ವಿಂಟಲ್ ಮಾತ್ರ ಬಂದರೆ ಏಳೂವರೆ. ಸುತ್ತಲಿನ ಊರುಗಳಲ್ಲಿ ಎಷ್ಟು ಎಕರೆ ಸಾಮೆ, ನವಣೆ ಬಿತ್ತುತ್ತಾರೆ ಎಂದು ಹೊಲ ಎಣಿಸಿ ನೋಡಿ, ಆಮೇಲೆ ಯಂತ್ರದ ಗಾತ್ರ ಹೇಳಬೇಕು. ಅರ್ಜಿಯಲ್ಲಿ ದಾನಿಗಳು ಕೇಳುವುದು ಫಲಾನುಭವಿಗಳ ಸಂಖ್ಯೆಯನ್ನು. ಈ ಎಕರೆಯ ಲೆಕ್ಕವನ್ನು ಸಂಘವೇ ಮಾಡಿಕೊಳ್ಳಬೇಕು.